ಮುನ್ನೂರು ಪ್ರಾಬ್ಲಮ್ ಬಿಡಿಸಿದ್ದೀನಿ, ಇಂಟರ್‌ವ್ಯೂನಲ್ಲಿ ಬಾಯೇ ಬರಲ್ಲ

ಪ್ರಶ್ನೆ: ಸರ್, ನಾನು ಗದಗ-ಬೆಟಗೇರಿಯವಳು. ಅಪ್ಪನದು ಮಗ್ಗ. ಹುಬ್ಬಳ್ಳಿಯಲ್ಲಿ ಬಿ.ಇ. ಮುಗಿಸಿ ಅಲ್ಲೇ ಒಂದು ಸಣ್ಣ ಕಂಪನಿಯಲ್ಲಿ ಎರಡು ವರ್ಷದಿಂದ ಸಪೋರ್ಟ್ ಕೆಲಸ ಮಾಡುತ್ತಿದ್ದೇನೆ. ಗ್ರಾಹಕರ ದೂರು ನೋಡುವುದು, ಡೇಟಾಬೇಸಿಗೆ ಪ್ರಶ್ನೆ ಕೇಳುವ ಭಾಷೆಯಾದ ಎಸ್‌ಕ್ಯೂಎಲ್‌ನಲ್ಲಿ ಡೇಟಾ ತೆಗೆದು ಕೊಡುವುದು, ಎಕ್ಸೆಲ್ ರಿಪೋರ್ಟ್, ಇಷ್ಟೇ. ಬೆಂಗಳೂರಲ್ಲಿ ಪ್ರಾಡಕ್ಟ್ ಅನಲಿಸ್ಟ್ (ಡೇಟಾ ನೋಡಿ ಕಂಪನಿಯ ಉತ್ಪನ್ನದ ಬಗ್ಗೆ ಸಲಹೆ ಕೊಡುವ) ಕೆಲಸಕ್ಕೆ ನಾಲ್ಕು ಇಂಟರ್‌ವ್ಯೂ ಕೊಟ್ಟೆ, ನಾಲ್ಕೂ ಹೋದವು. ಕೋಡಿಂಗ್ ಅಭ್ಯಾಸದ ವೆಬ್‌ಸೈಟ್ ಆದ ಲೀಟ್‌ಕೋಡ್‌ನಲ್ಲಿ ಮುನ್ನೂರು ಪ್ರಾಬ್ಲಮ್ ಬಿಡಿಸಿದ್ದೇನೆ. ಮನೆಯಲ್ಲಿ ಕೂತರೆ ಬರುತ್ತದೆ, ಎದುರಿಗೆ ಯಾರಾದರೂ ನೋಡುತ್ತಿದ್ದರೆ ತಲೆ ಖಾಲಿ. ಒಂದು ವ್ಯವಹಾರದ ಪ್ರಶ್ನೆ ಕೊಟ್ಟು ಬಿಡಿಸಿ ಅನ್ನೋ ಕೇಸ್ ಸ್ಟಡಿ ರೌಂಡಿನಲ್ಲಿ ನಿಮ್ಮೂರಿನ ತಿಂಡಿ ಯಾವುದು ಅಂತ ಕೇಳಿದರು, ಗಿರ್ಮಿಟ್ ಅಂದೆ. ಹಾಗಾದರೆ ಗದಗದಲ್ಲಿ ದಿನಕ್ಕೆ ಎಷ್ಟು ಪ್ಲೇಟ್ ಗಿರ್ಮಿಟ್ ಹೋಗುತ್ತೆ ಹೇಳಿ ಅಂದರು. ನಾನು "ಗೊತ್ತಿಲ್ಲ ಸರ್" ಅಂದುಬಿಟ್ಟೆ. ಇದೆಲ್ಲ ಎಂಬಿಎ ಮಾಡಿದವರಿಗೆ ಮಾತ್ರ ಬರುತ್ತಾ? ಇಂಗ್ಲಿಷ್ ಮಾತಾಡುವಾಗ ತಡವರಿಸುತ್ತೇನೆ, ಅದೂ ಕಾರಣವಾ? ಹುಬ್ಬಳ್ಳಿಯ ಒಂದು ಕೋಚಿಂಗ್‌ನವರು 45 ಸಾವಿರ ಕೇಳುತ್ತಿದ್ದಾರೆ. ಗೆಳತಿ ಇನ್ನೊಂದು ಸ್ಕ್ರೀನಿನಲ್ಲಿ ಎಐ ಇಟ್ಟುಕೋ ಅಂತಾಳೆ. ಸೀನಿಯರ್ ಒಬ್ಬರು ಒಂದು ವರ್ಷದ ಅನಲಿಸ್ಟ್ ಅನುಭವ ಸೇರಿಸಿ ರೆಸ್ಯೂಮೆ ಮಾಡು ಅಂದರು. ಕೆಲಸ ಬಿಟ್ಟು ಓದಲಾ ಅನ್ನೋ ಯೋಚನೆಯೂ ಇದೆ. ಮುಂದಿನ ಇಂಟರ್‌ವ್ಯೂಗೆ ಇನ್ನು 24 ದಿನ ಇದೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಮುಖ್ಯ ಅನಿಸಿದ್ದು ಆ ಮುನ್ನೂರು ಅಲ್ಲ, "ಮನೆಯಲ್ಲಿ ಕೂತರೆ ಬರುತ್ತದೆ" ಅನ್ನೋ ಮಾತು. ಅಂದರೆ ವಿಷಯ ಗೊತ್ತಿದೆ. ಬಾಗಿಲು ಹಾಕಿಕೊಂಡು, ಬಾಯಿ ಮುಚ್ಚಿಕೊಂಡು ಲೆಕ್ಕ ಬಿಡಿಸುವುದನ್ನು ನೀವು ಮುನ್ನೂರು ಸಲ ಮಾಡಿದ್ದೀರಿ. ಎದುರಿಗೆ ಒಬ್ಬರು ಕೂತಿರುವಾಗ ಮಾತಾಡುತ್ತಾ ಬಿಡಿಸುವುದನ್ನು ನಾಲ್ಕೇ ಸಲ ಮಾಡಿದ್ದೀರಿ. ಆ ನಾಲ್ಕೂ ಸಲ ನಿಜವಾದ ಇಂಟರ್‌ವ್ಯೂನಲ್ಲೇ! ಸೈಕಲ್ ಕಲಿಯೋಕೆ ಸೀದಾ ಹುಬ್ಬಳ್ಳಿಯ ಲ್ಯಾಮಿಂಗ್ಟನ್ ರೋಡಿನ ಗದ್ದಲಕ್ಕೆ ಇಳಿದ ಹಾಗಾಯ್ತು ಇದು.

ತಲೆ ಖಾಲಿಯಾಗುವುದು ನಿಮ್ಮೊಬ್ಬರ ಸಮಸ್ಯೆಯಲ್ಲ. 2020ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾ ಸ್ಟೇಟ್ ಯೂನಿವರ್ಸಿಟಿ ಮತ್ತು ಮೈಕ್ರೋಸಾಫ್ಟ್‌ನ ಸಂಶೋಧಕರು 48 ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಗಳನ್ನು ಇಟ್ಟುಕೊಂಡು ಇದನ್ನೇ ಪರೀಕ್ಷೆ ಮಾಡಿದರು. ಕೆಲವರಿಗೆ ಖಾಲಿ ಕೋಣೆ, ಯಾರೂ ನೋಡುವುದಿಲ್ಲ, ಬಿಡಿಸಿ ಕೊಡಿ ಅಂದರು. ಉಳಿದವರು ಬೋರ್ಡ್ ಮುಂದೆ ನಿಂತು, ನೋಡುತ್ತಿರುವವರಿಗೆ ವಿವರಿಸುತ್ತಾ ಬಿಡಿಸಬೇಕು. ನೋಡುತ್ತಿದ್ದಾರೆ ಅನ್ನೋ ಒಂದೇ ಕಾರಣಕ್ಕೆ ಫಲಿತಾಂಶ ಅರ್ಧಕ್ಕಿಂತ ಕೆಳಗೆ ಬಿತ್ತು. ಅವರೇನೂ ದಡ್ಡರಲ್ಲ. ಮಾತಾಡುವುದು ಒಂದು ಕೆಲಸ, ಯೋಚನೆ ಮಾಡುವುದು ಇನ್ನೊಂದು, "ಇವರು ನನ್ನ ಬಗ್ಗೆ ಏನು ಅಂದುಕೊಳ್ಳುತ್ತಿದ್ದಾರೋ" ಅನ್ನೋದು ಮೂರನೆಯದು. ಮೂರೂ ಒಟ್ಟಿಗೆ ಬಂದರೆ ಯಾರಿಗಾದರೂ ಕಷ್ಟ. ಇದರಲ್ಲಿ ಮೊದಲನೆಯದು ರೂಢಿಯಾಗಿ ಹೋದರೆ ಉಳಿದ ಎರಡಕ್ಕೆ ತಲೆಯಲ್ಲಿ ಜಾಗ ಸಿಗುತ್ತದೆ. ಹಾಗಾಗಿ ಈ 24 ದಿನದಲ್ಲಿ ಹೊಸ ಪ್ರಾಬ್ಲಮ್ ಒಂದೂ ಬೇಡ. ಬಿಡಿಸಿದ್ದನ್ನೇ ಮತ್ತೆ, ಬಾಯಿ ಬಿಟ್ಟು ಬಿಡಿಸಿ.

ಇನ್ನೊಂದು ಮಾತು ಹೇಳಿದರೆ ಬೇಜಾರಾಗಬೇಡಿ. ಅನಲಿಸ್ಟ್ ಕೆಲಸಕ್ಕೆ ಮುನ್ನೂರು ಲೀಟ್‌ಕೋಡ್ ಬೇಕೇ ಇರಲಿಲ್ಲ. ಅದು ಹೆಚ್ಚಾಗಿ ಸಾಫ್ಟ್‌ವೇರ್ ಡೆವಲಪರ್ ಹುದ್ದೆಯ ತಯಾರಿ. ಅನಲಿಸ್ಟ್‌ಗೆ ಸಾಮಾನ್ಯವಾಗಿ ಕೇಳುವುದು ಎಸ್‌ಕ್ಯೂಎಲ್, ಸ್ವಲ್ಪ ಪೈಥಾನ್, ಸ್ವಲ್ಪ ಅಂಕಿಅಂಶ, ಆಮೇಲೆ ಕೇಸ್. ನೀವು ದಿನಾ ಆಫೀಸಿನಲ್ಲಿ ಮಾಡುವ ಎಸ್‌ಕ್ಯೂಎಲ್ಲನ್ನೇ "ಇಷ್ಟೇ" ಅಂತ ಬರೆದಿದ್ದೀರಲ್ಲ, ನಿಮ್ಮ ಹತ್ತಿರ ಇರುವ ದೊಡ್ಡ ಆಸ್ತಿ ಅದೇ.

ನಾನು ಇಂಟರ್‌ವ್ಯೂ ತೆಗೆದುಕೊಳ್ಳುವಾಗ ಪದೇ ಪದೇ ಕೇಳುವ ಒಂದು ಪ್ರಶ್ನೆ ಹೇಳುತ್ತೇನೆ. ಎರಡು ಟೇಬಲ್ ಇವೆ: ಗ್ರಾಹಕರದು, ಆರ್ಡರ್‌ಗಳದು. ಒಂದೂ ಆರ್ಡರ್ ಹಾಕದ ಗ್ರಾಹಕರ ಪಟ್ಟಿ ಕೊಡಿ. ಹತ್ತರಲ್ಲಿ ಏಳೆಂಟು ಜನ ಒಂದು ನಿಮಿಷದಲ್ಲಿ "ನಾಟ್ ಇನ್" (ಆರ್ಡರ್ ಪಟ್ಟಿಯಲ್ಲಿ ಇಲ್ಲದವರು ಅನ್ನೋ ಷರತ್ತು) ಹಾಕಿ ಬರೆದು, ಆಯ್ತು ಸರ್ ಅಂತ ಕೈಕಟ್ಟಿ ಕೂರುತ್ತಾರೆ. ಆಗ ನಾನು ಕೇಳುತ್ತೇನೆ, ಇದನ್ನು ಓಡಿಸಿದರೆ ಒಂದು ಸಾಲೂ ಬರಲಿಲ್ಲ, ಯಾಕಿರಬಹುದು? ಅಲ್ಲಿಂದ ನಿಜವಾದ ಇಂಟರ್‌ವ್ಯೂ ಶುರು. ಕಾರಣ ಇಷ್ಟೇ. ಆರ್ಡರ್ ಟೇಬಲ್ಲಿನಲ್ಲಿ ಎಲ್ಲೋ ಒಂದು ಕಡೆ ಗ್ರಾಹಕರ ನಂಬರ್ ಖಾಲಿ, ಅಂದರೆ ನಲ್ ಇದೆ. ಎಸ್‌ಕ್ಯೂಎಲ್ಲಿಗೆ ನಲ್ ಅಂದರೆ ಸೊನ್ನೆ ಅಲ್ಲ, "ಗೊತ್ತಿಲ್ಲ" ಅಂತ ಅರ್ಥ. ಆ ಗೊತ್ತಿಲ್ಲದ ಗ್ರಾಹಕ ನಾನೇ ಇರಬಹುದು, ನೀವೇ ಇರಬಹುದು. ಹಾಗಾಗಿ ಯಾವ ಗ್ರಾಹಕರ ಬಗ್ಗೆಯೂ "ಇವರು ಆ ಪಟ್ಟಿಯಲ್ಲಿ ಇಲ್ಲ" ಅಂತ ಅದು ಖಾತ್ರಿ ಕೊಡಲ್ಲ, ಎಲ್ಲರನ್ನೂ ಬಿಟ್ಟುಬಿಡುತ್ತದೆ. "ನಾಟ್ ಎಕ್ಸಿಸ್ಟ್ಸ್" (ಇವರ ಹೆಸರಿನ ಆರ್ಡರ್ ಒಂದೂ ಇಲ್ಲ ಅನ್ನೋ ಷರತ್ತು) ಹಾಕಿದರೆ, ಅಥವಾ ಲೆಫ್ಟ್ ಜಾಯಿನ್ ಮಾಡಿ, ಅಂದರೆ ಎಲ್ಲ ಗ್ರಾಹಕರನ್ನೂ ಉಳಿಸಿಕೊಂಡು ಪಕ್ಕಕ್ಕೆ ಆರ್ಡರ್ ಜೋಡಿಸಿ, ಆರ್ಡರ್ ಕಡೆ ನಲ್ ಇರುವವರನ್ನು ಆರಿಸಿಕೊಂಡರೆ ಸರಿಯಾಗುತ್ತದೆ.

ಅಷ್ಟಕ್ಕೆ ಬಿಡುವುದಿಲ್ಲ ನಾನು. ಸರಿ, ಈಗ ಕಳೆದ ತಿಂಗಳು ಮಾತ್ರ ಆರ್ಡರ್ ಹಾಕದವರನ್ನು ಕೊಡಿ ಅಂತೀನಿ. ಲೆಫ್ಟ್ ಜಾಯಿನ್ ಬರೆದವರು ತಾರೀಖಿನ ಷರತ್ತನ್ನು ಕೆಳಗೆ "ವೇರ್" (ಜೋಡಿಸಿದ ಮೇಲೆ ಸೋಸುವ ಭಾಗ) ಜೊತೆ ಹಾಕಿಬಿಡುತ್ತಾರೆ, ಅಲ್ಲಿಗೆ ಆರ್ಡರ್ ಇಲ್ಲದವರೆಲ್ಲ ಉದುರಿ ಹೋಗುತ್ತಾರೆ, ಯಾಕಂದರೆ ಅವರಿಗೆ ತಾರೀಖೇ ಇಲ್ಲ. ಅದು "ಆನ್" (ಟೇಬಲ್ ಜೋಡಿಸುವ ಷರತ್ತು) ಜೊತೆ ಇರಬೇಕು. ಸಪೋರ್ಟ್ ಕೆಲಸದಲ್ಲಿ ಎರಡು ವರ್ಷ ಇದ್ದೀರಿ ಅಂದರೆ ಇಂಥ ತಪ್ಪು ನೀವು ಒಮ್ಮೆಯಾದರೂ ಮಾಡಿ, ಮ್ಯಾನೇಜರ್ ಹತ್ತಿರ ಬೈಸಿಕೊಂಡು, ಸರಿ ಮಾಡಿರುತ್ತೀರಿ. ಅದನ್ನೇ ಹೇಳಿ. "ಇಲ್ಲಿ ನಲ್ ಇರಬಹುದಾ ಅಂತ ಮೊದಲು ನೋಡ್ತೀನಿ, ಒಮ್ಮೆ ನಮ್ಮಲ್ಲಿ ಹೀಗೇ ರಿಪೋರ್ಟ್ ಖಾಲಿ ಬಂದಿತ್ತು" ಅಂದ ಅಭ್ಯರ್ಥಿಯ ಬಗ್ಗೆ ನಾನು ಅಲ್ಲೇ ಹಾಳೆಯ ಮೇಲೆ ಒಂದು ಟಿಕ್ ಹಾಕುತ್ತೇನೆ. ವಿಡಿಯೋ ನೋಡಿ ಕಲಿತವರ ಬಾಯಲ್ಲಿ ಈ ಮಾತು ಬರುವುದು ಕಡಿಮೆ.

ವಿಡಿಯೋ ಅಂದದ್ದಕ್ಕೆ ಒಂದು ವಿಷಯ. ಯಾರೋ ಬಿಡಿಸುವುದನ್ನು ನೋಡುವಾಗ ಎಲ್ಲಾ ಅರ್ಥವಾದ ಹಾಗೆ ಅನಿಸುತ್ತದೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಅನ್ನೋ ಇಬ್ಬರು ಮನಶ್ಶಾಸ್ತ್ರಜ್ಞರು ಮಾಡಿದ ಪ್ರಯೋಗದಲ್ಲಿ, ಪಾಠ ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಒಂದು ವಾರದ ನಂತರ ನೋಡಿದರೆ, ಪುಸ್ತಕ ಮುಚ್ಚಿ ನೆನಪಿನಿಂದ ಬರೆದವರು ಮುಂದೆ ಹೋಗಿದ್ದರು. ನಿಮ್ಮ ಇಂಟರ್‌ವ್ಯೂ ಇರುವುದು ಐದು ನಿಮಿಷದ ನಂತರ ಅಲ್ಲ.

ಈಗ ಗಿರ್ಮಿಟ್‌ಗೆ ಬರೋಣ.

ಕೇಸ್ ಸ್ಟಡಿ ಎಂಬಿಎಯವರ ಸ್ವತ್ತು ಅನ್ನೋದು ಅರ್ಧ ನಿಜ. ಮೆಕಿನ್ಸೆ, ಬಿಸಿಜಿ, ಬೇನ್ ಥರದ ಸಲಹಾ ಕಂಪನಿಗಳು ಇದನ್ನು ತುಂಬಾ ವರ್ಷದಿಂದ ಬಳಸುತ್ತಿವೆ, ಅವರು ಬಿಸಿನೆಸ್ ಶಾಲೆಗಳಿಂದ ಜಾಸ್ತಿ ಜನರನ್ನು ತೆಗೆದುಕೊಳ್ಳುತ್ತಿದ್ದರು, ಅದಕ್ಕೇ ಇದು ಎಂಬಿಎಯವರದು ಅನ್ನೋ ಹೆಸರು. ಈಗ ಪ್ರಾಡಕ್ಟ್ ಕಂಪನಿಗಳೂ ಕೇಳುತ್ತವೆ. ಇನ್ನೊಂದು ಗೊಂದಲವೂ ಇದೆ. ಇದು ಒಗಟು ಅಲ್ಲ. ಹಿಂದೆ ಕೆಲವು ಕಂಪನಿಗಳು ಬುದ್ಧಿ ಪರೀಕ್ಷೆ ಅಂತ ಒಗಟು ಕೇಳುತ್ತಿದ್ದವು, ಅದರಿಂದ ಏನೂ ಗೊತ್ತಾಗಲ್ಲ, ಬರೀ ಟೈಮ್ ವೇಸ್ಟ್ ಅಂತ 2013ರಲ್ಲಿ ಗೂಗಲ್‌ನ ಎಚ್‌ಆರ್ ಮುಖ್ಯಸ್ಥರಾಗಿದ್ದ ಲಾಸ್ಲೋ ಬಾಕ್ ಅವರೇ ಹೇಳಿದರು. ಒಗಟಿಗೆ ಒಂದೇ ಉತ್ತರ, ಅದು ಹೊಳೆಯಬೇಕು. ಗಿರ್ಮಿಟ್ ಪ್ರಶ್ನೆಗೆ ಕೇಳಿದವರಿಗೂ ಉತ್ತರ ಗೊತ್ತಿಲ್ಲ. ಅವರಿಗೆ ಬೇಕಿರುವುದು ನೀವು ಒಂದು ದೊಡ್ಡ ಪ್ರಶ್ನೆಯನ್ನು ಅಂದಾಜು ಮಾಡಬಹುದಾದ ಸಣ್ಣ ತುಂಡುಗಳಾಗಿ ಒಡೆಯುತ್ತೀರಾ ಅನ್ನೋದು. ಮದುವೆಮನೆ ಅಡುಗೆಯವರು ಎಷ್ಟು ಎಲೆ, ಎಷ್ಟು ಅಕ್ಕಿ, ಎಷ್ಟು ಗೋಧಿಹುಗ್ಗಿ ಅಂತ ಹೇಳುತ್ತಾರಲ್ಲ, ಅದೇ ಲೆಕ್ಕ.

ಮಾಡಿ ನೋಡೋಣ. ಮೊದಲು ಒಂದು ಪ್ರಶ್ನೆ ಕೇಳಿ: ಮನೆಯಲ್ಲಿ ಮಾಡಿಕೊಳ್ಳುವ ಗಿರ್ಮಿಟ್ ಬೇಡ, ಅಂಗಡಿ ಗಾಡಿಗಳಲ್ಲಿ ಮಾರುವುದು ಮಾತ್ರ, ಅಲ್ವಾ? ಸರಿ. 2011ರ ಜನಗಣತಿಯಲ್ಲಿ ಗದಗ-ಬೆಟಗೇರಿ ಜನಸಂಖ್ಯೆ ಸುಮಾರು 1.72 ಲಕ್ಷ, ಈಗ ಲೆಕ್ಕಕ್ಕೆ ಸುಲಭವಾಗಲಿ ಅಂತ 2 ಲಕ್ಷ ಇಟ್ಟುಕೊಳ್ಳುತ್ತೀನಿ ಅನ್ನಿ. ಇಷ್ಟು ನೆನಪಿಲ್ಲದಿದ್ದರೂ ನಡೆಯುತ್ತೆ, "ಎರಡು ಲಕ್ಷ ಅಂತ ಅಂದುಕೊಳ್ಳುತ್ತೀನಿ" ಅಂದರೆ ಸಾಕು. ಚಿಕ್ಕ ಮಕ್ಕಳು, ಹೊರಗಿನ ತಿಂಡಿ ತಿನ್ನದವರನ್ನು ಬಿಟ್ಟರೆ 1.6 ಲಕ್ಷ. ಒಂದು ದಿನ ಸಂಜೆ ಹೊರಗೆ ಏನಾದರೂ ತಿನ್ನುವವರು ಎಂಟರಲ್ಲಿ ಒಬ್ಬರು ಅಂದರೆ 20 ಸಾವಿರ. ಅವರಲ್ಲಿ ಕೆಲವರು ಪಾನಿಪುರಿ, ಕೆಲವರು ವಡೆ, ಕೆಲವರು ಬರೀ ಮಿರ್ಚಿ. ನಾಲ್ಕರಲ್ಲಿ ಒಬ್ಬರು ಗಿರ್ಮಿಟ್ ಅಂದರೆ 5 ಸಾವಿರ ಪ್ಲೇಟ್. (ಮಿರ್ಚಿ ಇಲ್ಲದೆ ಗಿರ್ಮಿಟ್ ತಿನ್ನುವವರು ಯಾರು ಅಂತ ನೀವು ಕೇಳಬಹುದು, ಅದು ಬೇರೆ ಕೇಸ್.)

ಇಲ್ಲಿಗೆ ನಿಲ್ಲಿಸಬೇಡಿ. ಈಗ ಮಾರುವವರ ಕಡೆಯಿಂದ ಬನ್ನಿ. ಊರಲ್ಲಿ ಗಿರ್ಮಿಟ್ ಸಿಗುವ ಗಾಡಿ, ಹೋಟೆಲ್ 80 ಇರಬಹುದು, ಒಂದೊಂದು ಕಡೆ ದಿನಕ್ಕೆ 40 ಪ್ಲೇಟ್ ಅಂದರೆ 3,200. ಎರಡು ಲೆಕ್ಕ ಕೂಡಲಿಲ್ಲ. ಒಳ್ಳೆಯದೇ ಆಯ್ತು! "ಎರಡರ ನಡುವೆ ವ್ಯತ್ಯಾಸ ಇದೆ, ಎಂಟರಲ್ಲಿ ಒಬ್ಬರು ಅಂದದ್ದು ಜಾಸ್ತಿಯಾಯ್ತು ಅನಿಸುತ್ತೆ, ಆದರೆ ಸುತ್ತಲಿನ ಹಳ್ಳಿಯಿಂದ ಬಸ್ ಸ್ಟ್ಯಾಂಡು, ಸಂತೆಗೆ ಬರುವವರನ್ನು ನಾನು ಹಿಡಿದಿಲ್ಲ, ಹಾಗಾಗಿ 4 ಸಾವಿರದ ಆಸುಪಾಸು ಹೇಳುತ್ತೀನಿ" ಅನ್ನಿ. ತನ್ನ ಲೆಕ್ಕವನ್ನು ತಾನೇ ಅನುಮಾನದಿಂದ ನೋಡುವವರು ಬೇಕು ಈ ಕೆಲಸಕ್ಕೆ. ನೀವು "ಗೊತ್ತಿಲ್ಲ" ಅಂದದ್ದು ಸುಳ್ಳಲ್ಲ, ಯಾರಿಗೂ ಗೊತ್ತಿಲ್ಲ. ಅಲ್ಲಿಂದ ಮುಂದಿನ ವಾಕ್ಯ ಬರಲಿಲ್ಲ, ಅಷ್ಟೇ ಆದದ್ದು.

ಅಂದಾಜು ಪ್ರಶ್ನೆ ಸಣ್ಣದು. ದೊಡ್ಡ ಕೇಸ್ ಬೇರೆ ಥರ ಇರುತ್ತದೆ: ಒಂದು ವ್ಯವಹಾರಕ್ಕೆ ಏನೋ ಆಗಿದೆ, ಯಾಕೆ, ಏನು ಮಾಡಬೇಕು. ಇದರಲ್ಲಿ ನಾನೇ ಬಿದ್ದ ಕಥೆ ಹೇಳುತ್ತೇನೆ. ಕೆಲಸಕ್ಕೆ ಸೇರಿ ಮೂರು ವರ್ಷವಾಗಿತ್ತು, ಬೆಂಗಳೂರಿನ ಒಂದು ದೊಡ್ಡ ಕಂಪನಿಯ ಇಂಟರ್‌ವ್ಯೂ. ಅಂಗಡಿ ಸರಣಿಯೊಂದಕ್ಕೆ ಸಮಸ್ಯೆ ಆಗಿದೆ ಅಂದರು, ನಾನು ಪೆನ್ನು ಹಿಡಿದು ಶುರು ಮಾಡಿದೆ. ಜಾಹೀರಾತು, ಆಫರ್, ಹೊಸ ಅಂಗಡಿ, ಆನ್‌ಲೈನ್, ಒಂದು ಕಾಲು ಗಂಟೆ ಬಿಡದೆ ಮಾತಾಡಿದೆ, ಸ್ವಲ್ಪ ಖುಷಿಯೂ ಆಗಿತ್ತು. ಅವರು ಸಾವಧಾನದಿಂದ ಕೇಳಿಸಿಕೊಂಡು ಕೊನೆಗೆ ಹೇಳಿದರು: "ಮಾರಾಟ ಕಡಿಮೆ ಆಗಿದೆ ಅಂತ ನಾನು ಹೇಳಲೇ ಇಲ್ಲವಲ್ಲ. ಲಾಭ ಕಡಿಮೆ ಆಗಿದೆ ಅಂದೆ." ಧಾರವಾಡಕ್ಕೆ ವಾಪಸ್ ಬರುವ ರಾತ್ರಿ ಬಸ್ಸಿನಲ್ಲಿ ನಿದ್ದೆ ಬರಲಿಲ್ಲ.

ಹಾಗಾಗಿ ಬ್ಯಾಡಗಿ ಕಡೆಯ ಒಂದು ಕೇಸ್ ಕಟ್ಟಿ ಕೊಡುತ್ತೇನೆ, ಗೆಳತಿಯ ಜೊತೆ ಕೂತು ಮಾಡಿ ನೋಡಿ. ಅಂಕಿಗಳು ಅಭ್ಯಾಸಕ್ಕೆ ನಾನೇ ಹಾಕಿದ್ದು, ಮಾರುಕಟ್ಟೆ ದರ ಅಂದುಕೊಳ್ಳಬೇಡಿ. ಬ್ಯಾಡಗಿಯಲ್ಲಿ ಒಂದು ಖಾರದ ಪುಡಿ ಘಟಕ. ಹೋದ ವರ್ಷ ಲಾಭ 50 ಲಕ್ಷ, ಈ ವರ್ಷ 25 ಲಕ್ಷ. ಮಾಲೀಕರು, ಜಾಹೀರಾತು ಕೊಡಬೇಕೇನ್ರಿ ಅಂತ ಕೇಳುತ್ತಿದ್ದಾರೆ. ನೀವೇನು ಹೇಳುತ್ತೀರಿ?

ಏನೂ ಹೇಳಬೇಡಿ, ಕೇಳಿ. ಲಾಭ ಅಂದರೆ ಬಂದದ್ದರಲ್ಲಿ ಖರ್ಚು ಕಳೆದದ್ದು. ಬಂದದ್ದು ಎಷ್ಟು? ಹೋದ ವರ್ಷ 100 ಟನ್, ಕಿಲೋಗೆ 400 ರೂಪಾಯಿಯಂತೆ 4 ಕೋಟಿ. ಈ ವರ್ಷ 105 ಟನ್, ಅದೇ ದರ, 4.2 ಕೋಟಿ. ಅಂದರೆ ಮಾರಾಟ ಹೆಚ್ಚಾಗಿದೆ, ಜಾಹೀರಾತಿನ ಮಾತು ಇಲ್ಲೇ ಬಿತ್ತು. ಹಾಗಾದರೆ ಖರ್ಚು. ಮೆಣಸಿನಕಾಯಿಗೆ ಹೋದ ವರ್ಷ 2.8 ಕೋಟಿ, ಈಗ 3.15 ಕೋಟಿ. ಉಳಿದದ್ದು, ಅಂದರೆ ಕೂಲಿ, ಕರೆಂಟು, ಕೋಲ್ಡ್ ಸ್ಟೋರೇಜ್ ಬಾಡಿಗೆ, ಬ್ಯಾಂಕ್ ಬಡ್ಡಿ ಎಲ್ಲ ಸೇರಿ 70 ಲಕ್ಷ ಇದ್ದದ್ದು 80 ಲಕ್ಷ.

ಇಲ್ಲಿ ಬಹಳಷ್ಟು ಜನ "ಎರಡೂ ಖರ್ಚು ಜಾಸ್ತಿಯಾಗಿದೆ" ಅಂತ ಹೇಳಿ ಮುಂದೆ ಹೋಗುತ್ತಾರೆ. ಮಾಲು ಜಾಸ್ತಿ ಮಾಡಿದ ಮೇಲೆ ಖರ್ಚು ಜಾಸ್ತಿಯಾಗಲೇಬೇಕಲ್ಲ, ಅದರಲ್ಲಿ ಹೊಸದೇನಿದೆ? ಕಿಲೋ ಲೆಕ್ಕಕ್ಕೆ ಇಳಿಸಿ. ಒಂದು ಕಿಲೋ ಪುಡಿಗೆ ಮೆಣಸಿನಕಾಯಿ ಖರ್ಚು 280 ಇದ್ದದ್ದು 300 ಆಗಿದೆ. ಇಪ್ಪತ್ತು ರೂಪಾಯಿ, 105 ಟನ್ನಿಗೆ 21 ಲಕ್ಷ. ಉಳಿದ ಖರ್ಚು ಹಳೆಯ ಕಿಲೋ 70ರ ಲೆಕ್ಕದಲ್ಲಿ 73.5 ಲಕ್ಷ ಆಗಬೇಕಿತ್ತು, 80 ಆಗಿದೆ, ಅಲ್ಲಿ 6.5 ಲಕ್ಷ ಹೋಯಿತು. ಐದು ಟನ್ ಜಾಸ್ತಿ ಮಾರಿದ್ದರಿಂದ ಕಿಲೋಗೆ 50ರಂತೆ 2.5 ಲಕ್ಷ ಬಂತು. 50ಕ್ಕೆ 2.5 ಕೂಡಿಸಿ, 21 ಮತ್ತು 6.5 ಕಳೆಯಿರಿ, 25. ಲೆಕ್ಕ ಮುಚ್ಚಿತು. ಎದುರಿಗಿರುವವರಿಗೆ ಇದನ್ನು ಹಾಳೆಯ ಮೇಲೆ ತೋರಿಸಿ "ಹೋದ ಹಣದಲ್ಲಿ ಮುಕ್ಕಾಲು ಪಾಲು ಮೆಣಸಿನಕಾಯಿಯಲ್ಲೇ ಹೋಗಿದೆ, ಅದನ್ನು ಮೊದಲು ನೋಡ್ತೀನಿ" ಅಂದರೆ ಅರ್ಧ ಇಂಟರ್‌ವ್ಯೂ ಮುಗಿಯಿತು.

ಇನ್ನು ಉಳಿದರ್ಧ. ಕಿಲೋ ಪುಡಿಯ ಮೇಲೆ 20 ರೂಪಾಯಿ ಯಾಕೆ ಹೆಚ್ಚಾಯ್ತು? ಮೆಣಸಿನಕಾಯಿ ದರ ಏರಿರಬಹುದು ಅನ್ನೋದು ಎಲ್ಲರಿಗೂ ಮೊದಲು ಹೊಳೆಯುವುದು. ಕೇಳಿದರೆ, ಇಲ್ಲ, ಎರಡೂ ವರ್ಷ 252 ರೂಪಾಯಿಗೇ ಕೊಂಡಿದ್ದಾರೆ ಅಂತ ಉತ್ತರ ಬರುತ್ತದೆ. ಇಲ್ಲಿ ಪುಸ್ತಕದ ಫ್ರೇಮ್‌ವರ್ಕ್ ನೆನಪು ಮಾಡಿಕೊಂಡು ಕೂತವರು ಸಿಕ್ಕಿಬೀಳುತ್ತಾರೆ, ನಮ್ಮ ಕಡೆಯವರು ಸಿಕ್ಕಿಬೀಳಬಾರದು. ನೂರು ಕಿಲೋ ಕಾಯಿ ಹಾಕಿದರೆ ನೂರು ಕಿಲೋ ಪುಡಿ ಬರುತ್ತಾ? ತೊಟ್ಟು ಹೋಗುತ್ತೆ, ತೇವ ಆರುತ್ತೆ, ಬಿಳಿಚಿದ ಕಾಯಿ ಆರಿಸಿ ತೆಗೆಯುತ್ತಾರೆ. ಬ್ಯಾಡಗಿ ಮೆಣಸಿನಕಾಯಿಗೆ ಬೆಲೆ ಇರುವುದೇ ಕೆಂಪು ಬಣ್ಣಕ್ಕೆ, ಖಾರ ಕಡಿಮೆ, ಬಣ್ಣ ಜಾಸ್ತಿ, 2011ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕ ಬೆಳೆ ಅದು, ಬಣ್ಣ ಹೋದ ಕಾಯಿಯನ್ನು ಒಳ್ಳೆ ಪುಡಿಗೆ ಹಾಕುವಂತಿಲ್ಲ. ಕೇಳಿ: ನೂರು ಕಿಲೋಗೆ ಎಷ್ಟು ಪುಡಿ ಬರುತ್ತಿತ್ತು, ಈಗೆಷ್ಟು? ಹೋದ ವರ್ಷ 90, ಈ ವರ್ಷ 84. 252ನ್ನು 0.90ರಿಂದ ಭಾಗಿಸಿದರೆ 280, 0.84ರಿಂದ ಭಾಗಿಸಿದರೆ 300. ಸಿಕ್ಕಿತು. ದರ ಏರಿಲ್ಲ, ಅದೇ ದರಕ್ಕೆ ಪುಡಿ ಕಡಿಮೆ ಬರುವ ಕಾಯಿ, ಬಹುಶಃ ತೇವ ಜಾಸ್ತಿ ಇದ್ದದ್ದು, ಕೊಂಡಿದ್ದಾರೆ. ಮಾಲೀಕರಿಗೆ ಹೇಳಬೇಕಾದದ್ದು: ಕೊಳ್ಳುವಾಗ ತೇವ ಅಳೆಯಿರಿ, ತೇವಕ್ಕೆ ತಕ್ಕಂತೆ ದರ ಕಡಿಮೆ ಮಾಡಿಸಿ. ಜೊತೆಗೆ ಇದರ ಅಪಾಯವನ್ನೂ ಹೇಳಿ, ದರ ಹಿಂಡಿದರೆ ಒಳ್ಳೆ ಮಾಲು ಬೇರೆಯವರ ಪಾಲಾಗಬಹುದು. ತಾನು ಕೊಟ್ಟ ಸಲಹೆಯ ತೊಂದರೆಯನ್ನು ತಾನೇ ಹೇಳುವ ಅಭ್ಯರ್ಥಿ ನನಗೆ ವರ್ಷಕ್ಕೆ ಮೂರು ನಾಲ್ಕು ಜನ ಸಿಗುತ್ತಾರೆ ಅಷ್ಟೇ.

ಇಂಥ ಆರೇಳು ಕೇಸ್ ಸಾಕು. ನೂರು ಬೇಡ. ನಿಮ್ಮ ಮನೆಯಲ್ಲೇ ಒಂದಿದೆ: ಅಪ್ಪನ ಮಗ್ಗದ ಒಂದು ತಿಂಗಳ ಲೆಕ್ಕ. ನೂಲಿಗೆಷ್ಟು, ಕರೆಂಟಿಗೆಷ್ಟು, ಒಂದು ಸೀರೆಗೆ ಎಷ್ಟು ಹೊತ್ತು, ಮಗ್ಗ ಎಷ್ಟು ದಿನ ನಿಂತಿತ್ತು, ಯಾಕೆ ನಿಂತಿತ್ತು. ಅಪ್ಪನನ್ನು ಕೂರಿಸಿಕೊಂಡು ಕೇಳಿ, ಅವರು ಎಂಬಿಎ ಮಾಡಿಲ್ಲ, ಆದರೆ ಎಲ್ಲಾ ಉತ್ತರ ಅವರ ಹತ್ತಿರ ಇರುತ್ತದೆ.

ಇಂಗ್ಲಿಷ್ ವಿಷಯ. ಕಾರಣವೇ ಅಲ್ಲ ಅಂದರೆ ಸುಳ್ಳಾಗುತ್ತದೆ. ಎದುರಿಗಿರುವವರಿಗೆ ನಿಮ್ಮ ಮಾತು ಅರ್ಥವಾಗಬೇಕು, ಅಷ್ಟು ಬೇಕೇ ಬೇಕು. ಅದಕ್ಕಿಂತ ಜಾಸ್ತಿ ಶೈಲಿ ಯಾರೂ ಕೇಳುತ್ತಿಲ್ಲ. ನಾನು ನೋಡಿದ ಹಾಗೆ ನಮ್ಮ ಕಡೆ ಮಕ್ಕಳಿಗೆ ಕಷ್ಟ ಆಗುವುದು ವ್ಯಾಕರಣದಿಂದಲ್ಲ, ಮೌನದಿಂದ. ಯೋಚನೆ ಕನ್ನಡದಲ್ಲಿ ಓಡುತ್ತಿರುತ್ತದೆ, ಇಂಗ್ಲಿಷ್ ವಾಕ್ಯ ತಯಾರಾಗುವವರೆಗೆ ಬಾಯಿ ಬಿಡಲ್ಲ, ಎದುರಿನವರಿಗೆ ಎರಡು ನಿಮಿಷ ಏನೂ ಕೇಳಿಸಲ್ಲ. ಇದಕ್ಕೆ ನಾನು ಮಾಡಿಸುವುದು ಒಂದೇ. ಮೊದಲು ಕೇಸನ್ನು ಕನ್ನಡದಲ್ಲಿ ಗಟ್ಟಿಯಾಗಿ ಹೇಳಿ. ಅವ್ವ ಕಂಡಿಕೆ ಸುತ್ತುತ್ತಾ ಕೂತಿದ್ದರೆ ಅವರಿಗೇ ಹೇಳಿ, ಅವರಿಗೆ ಅರ್ಥವಾಗದೆ "ಅಂದ್ರ?" ಅಂತ ಕೇಳಿದ ಜಾಗದಲ್ಲೇ ನಿಮ್ಮ ತರ್ಕ ಸಡಿಲ ಇದೆ ಅಂತ ಗುರುತು ಹಾಕಿಕೊಳ್ಳಿ. ಮರುದಿನ ಅದನ್ನೇ ಇಂಗ್ಲಿಷ್‌ನಲ್ಲಿ ಹೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ಮೊದಲ ಸಲ ಕೇಳುವಾಗ ನಾಚಿಕೆ ಆಗುತ್ತದೆ, ಎಲ್ಲರಿಗೂ ಆಗುತ್ತದೆ. "ಒಂದು ನಿಮಿಷ ಯೋಚಿಸಿ ಹೇಳುತ್ತೇನೆ", "ನಾನು ಹೀಗೆ ಅಂದುಕೊಳ್ಳುತ್ತಿದ್ದೇನೆ, ಸರಿಯೇ", "ಇಲ್ಲಿಯವರೆಗೆ ಗೊತ್ತಾದದ್ದು ಇಷ್ಟು", ಇಂಥ ಏಳೆಂಟು ವಾಕ್ಯ ಇಂಗ್ಲಿಷ್‌ನಲ್ಲಿ ಬಾಯಿಪಾಠ ಆಗಿಬಿಡಲಿ. ನಡುವಿನ ಖಾಲಿ ಜಾಗಕ್ಕೆ ಅವು ಸಾಕು.

ನೀವು ಬರೆದ ದಾರಿಗಳನ್ನು ನೋಡೋಣ. ಎಐ ಇಟ್ಟುಕೊಂಡು ಉತ್ತರ ಓದುವುದು: ಗೊತ್ತಾಗುತ್ತೆ. ಕಣ್ಣು ಒಂದು ಕಡೆ ಓಡುತ್ತದೆ, ಪ್ರಶ್ನೆ ಕೇಳಿದ ಮೇಲೆ ಪ್ರತಿ ಸಲವೂ ಅಷ್ಟೇ ಹೊತ್ತು ತಡ, ಆಮೇಲೆ ಪುಸ್ತಕದಂಥ ಉತ್ತರ. ನಾನು ಆಗ "ಅದು ಬಿಡಿ, ನೂರಕ್ಕೆ 84ರ ಬದಲು 80 ಬಂದಿದ್ದರೆ?" ಅಂತ ನಡುವೆ ಬಾಯಿ ಹಾಕುತ್ತೇನೆ, ಅಲ್ಲಿಗೆ ಮುಗಿಯುತ್ತದೆ. ಸಿಕ್ಕಿಬಿದ್ದರೆ ಆ ಕಂಪನಿಯ ಬಾಗಿಲು ಮತ್ತೆ ತೆರೆಯುವುದು ಕಷ್ಟ. ಅದೇ ಎಐಯನ್ನು ಮನೆಯಲ್ಲಿ ಇಂಟರ್‌ವ್ಯೂ ಮಾಡುವವರ ಪಾತ್ರ ಹಾಕಿಸಿ, ಉತ್ತರ ಹೇಳಬೇಡ, ಪ್ರಶ್ನೆ ಮಾತ್ರ ಕೇಳು ಅನ್ನಿ, ತುಂಬಾ ಉಪಯೋಗಕ್ಕೆ ಬರುತ್ತದೆ. ಮನುಷ್ಯರ ಮುಂದಿನ ಅಳುಕು ಮಾತ್ರ ಅದರಿಂದ ಹೋಗಲ್ಲ.

ಸುಳ್ಳು ಅನುಭವ ಬೇಡವೇ ಬೇಡ. ಕೆಲಸ ಕೊಟ್ಟ ಮೇಲೆ ಹಿನ್ನೆಲೆ ಪರಿಶೀಲನೆ ಮಾಡಿಸುತ್ತಾರೆ, ಪಿಎಫ್‌ನ ಯುಎಎನ್ ದಾಖಲೆಯಲ್ಲಿ ಯಾವ ಕಂಪನಿಯಲ್ಲಿ ಎಂದಿನಿಂದ ಎಂದಿನವರೆಗೆ ಅನ್ನೋದು ಇರುತ್ತದೆ. ಹಳೆ ಕೆಲಸ ಬಿಟ್ಟು, ಬೆಂಗಳೂರಲ್ಲಿ ಪಿಜಿಗೆ ಅಡ್ವಾನ್ಸ್ ಕೊಟ್ಟ ಮೇಲೆ ಸಿಕ್ಕಿಬಿದ್ದವರನ್ನು ನೋಡಿದ್ದೇನೆ. ಅದಕ್ಕಿಂತ, ನಿಮ್ಮ ಸಪೋರ್ಟ್ ಕೆಲಸವನ್ನೇ ಸರಿಯಾಗಿ ಬರೆಯಿರಿ. "ರಿಪೋರ್ಟ್ ತಯಾರಿಸಿದೆ" ಅನ್ನೋ ಸಾಲು ಏನನ್ನೂ ಹೇಳುವುದಿಲ್ಲ. ಯಾವ ದೂರು ಪದೇ ಪದೇ ಬರುತ್ತಿತ್ತು, ಡೇಟಾ ತೆಗೆದು ನೀವೇ ಕಾರಣ ಹುಡುಕಿದ್ದು ಯಾವುದು, ಅದರಿಂದ ಏನು ಬದಲಾಯಿತು, ಇಂಥ ಎರಡು ಘಟನೆ ಬರೆಯಿರಿ. ಹೇಳುವಾಗ "ನಾವು ಮಾಡಿದೆವು" ಅಂತ ಎಲ್ಲದಕ್ಕೂ ಹೇಳಬೇಡಿ, ನಿಮ್ಮ ಪಾಲು ಎಷ್ಟು ಅನ್ನೋದು ಬೇಕು. ಹಾಂ, ಫೈನಲ್ ಇಯರ್ ಪ್ರಾಜೆಕ್ಟ್ ದುಡ್ಡು ಕೊಟ್ಟು ತಂದದ್ದಾಗಿದ್ದರೆ ರೆಸ್ಯೂಮೆಯಿಂದ ತೆಗೆದುಬಿಡಿ. ಅದರ ಬಗ್ಗೆ ಮೂರನೇ ಪ್ರಶ್ನೆಗೆ ಎಲ್ಲರೂ ನಿಲ್ಲುತ್ತಾರೆ.

45 ಸಾವಿರದ ಕೋಚಿಂಗ್: ಸೇರುವ ಮುಂಚೆ ಒಂದೇ ಪ್ರಶ್ನೆ ಕೇಳಿ, ಒಬ್ಬೊಬ್ಬರಿಗೂ ಎಷ್ಟು ಅಣಕು ಇಂಟರ್‌ವ್ಯೂ ಮಾಡಿಸುತ್ತೀರಿ, ಮಾಡುವವರು ಯಾರು. ಇಪ್ಪತ್ತು ಮಾಡಿಸಿ, ಈ ಕೆಲಸ ಮಾಡಿದವರೇ ಕೂತು ತಪ್ಪು ಹೇಳುತ್ತಾರೆ ಅಂದರೆ ಯೋಚನೆ ಮಾಡಬಹುದು. ವಿಡಿಯೋ, ನೋಟ್ಸ್, ದೊಡ್ಡ ಬ್ಯಾಚ್, ಕೆಲಸ ಗ್ಯಾರಂಟಿ ಅಂದರೆ ಎದ್ದು ಬನ್ನಿ. ನಿಮಗಿರುವ ಕೊರತೆ ಪಾಠದ್ದಲ್ಲವಾದ್ದರಿಂದ ನಾನಾದರೆ ಈಗ ಆ ದುಡ್ಡು ಖರ್ಚು ಮಾಡಲ್ಲ. ಕೆಲಸ ಬಿಡುವುದೂ ಬೇಡ. ಬಿಟ್ಟರೆ ದಿನಕ್ಕೆ ಎಂಟು ಗಂಟೆ ಸಿಗುತ್ತದೆ ನಿಜ, ಆದರೆ ಮೂರನೇ ತಿಂಗಳಿಗೆ ಮನೆಯವರ ಮುಖ ನೋಡುವುದು ಕಷ್ಟವಾಗುತ್ತದೆ, ಆ ಒತ್ತಡ ಇಂಟರ್‌ವ್ಯೂ ಕೋಣೆಗೂ ಬರುತ್ತದೆ. ನೀವು ಬರೆಯದ ಇನ್ನೊಂದು ದಾರಿಯೂ ಇದೆ: ಈಗಿನ ಕಂಪನಿಯಲ್ಲೇ ಮ್ಯಾನೇಜರ್ ಹತ್ತಿರ ಹೋಗಿ, ಅನಲಿಸ್ಟ್ ಥರದ ಒಂದು ಕೆಲಸ ನನಗೆ ಕೊಡಿ ಅಂತ ಕೇಳುವುದು. ಸಂಬಳ ಹೆಚ್ಚಾಗಲ್ಲ, ಕೆಲಸ ಮಾತ್ರ ಹೆಚ್ಚಾಗಬಹುದು, ಆ ಅಪಾಯ ಇದೆ. ಆದರೆ ಆರು ತಿಂಗಳಲ್ಲಿ ರೆಸ್ಯೂಮೆಗೆ ಸುಳ್ಳು ಬೇಕಾಗಲ್ಲ.

24 ದಿನ ಹೀಗೆ ಕಳೆಯಿರಿ. ಮೊದಲ ವಾರ ಹಳೆಯ ಎಸ್‌ಕ್ಯೂಎಲ್ ಪ್ರಶ್ನೆಗಳೇ, ದಿನಕ್ಕೆ ಮೂರು, ಬಾಯಿ ಬಿಟ್ಟು. ಎರಡನೇ ವಾರದಿಂದ ಒಂದು ದಿನ ಬಿಟ್ಟು ಒಂದು ದಿನ ಯಾರನ್ನಾದರೂ ಎದುರಿಗೆ ಕೂರಿಸಿಕೊಳ್ಳಿ, ಎಐ ಇಟ್ಟುಕೋ ಅಂದ ಆ ಗೆಳತಿಯನ್ನೇ ಕೂರಿಸಿ. ನೀವೂ ಅವರನ್ನು ಇಂಟರ್‌ವ್ಯೂ ಮಾಡಿ, ಆ ಕಡೆ ಕೂತಾಗಲೇ ಗೊತ್ತಾಗುವುದು ಮೌನ ಎಷ್ಟು ಉದ್ದ ಅನಿಸುತ್ತದೆ ಅಂತ. ಕೊನೆಯ ವಾರ ಪರಿಚಯ ಇಲ್ಲದವರ ಮುಂದೆ ಎರಡು ಮೂರು ಸಲ ಆಗಲಿ. ಕಾಲೇಜಿನ ಸೀನಿಯರ್‌ಗಳನ್ನು ಸಂಕೋಚ ಬಿಟ್ಟು ಕೇಳಿ, ಅರ್ಧ ಗಂಟೆ ಕೊಡಿ ಅಂದರೆ ಐವರಲ್ಲಿ ಇಬ್ಬರು ಕೊಟ್ಟೇ ಕೊಡುತ್ತಾರೆ.

ಇಂಟರ್‌ವ್ಯೂ ಆನ್‌ಲೈನ್ ಇದ್ದು, ಅದೂ ಮನೆಯಿಂದ ಅಂದರೆ, ಮಗ್ಗದ ಸದ್ದು ಇರುತ್ತದೆ ಅಲ್ವಾ? ಅಪ್ಪನಿಗೆ ಆ ಒಂದು ಗಂಟೆ ನಿಲ್ಲಿಸಿ ಅನ್ನುವುದಕ್ಕಿಂತ ಹುಬ್ಬಳ್ಳಿಯಲ್ಲಿ ಗೆಳತಿಯ ರೂಮಿನಲ್ಲಿ ಕೂರುವುದು ಒಳ್ಳೆಯದು. ಹೆಸ್ಕಾಂನವರು ಎಲ್ಲಿ ಯಾವಾಗ ಕರೆಂಟ್ ತೆಗೆಯುತ್ತಾರೋ ಹೇಳೋಕಾಗಲ್ಲ, ಲ್ಯಾಪ್‌ಟಾಪ್ ಪೂರ್ತಿ ಚಾರ್ಜ್ ಇರಲಿ, ಫೋನಿನ ಹಾಟ್‌ಸ್ಪಾಟ್ ಒಮ್ಮೆ ಹಾಕಿ ನೋಡಿರಿ. ಪಕ್ಕದಲ್ಲಿ ಬಿಳಿ ಹಾಳೆ, ಪೆನ್ನು, ನೀರು. ಕೊನೆಗೆ "ನಿಮಗೇನಾದರೂ ಕೇಳಬೇಕಾ" ಅಂತ ಅವರು ಕೇಳುತ್ತಾರೆ, ನಮ್ಮವರು ಹೆಚ್ಚಾಗಿ ಇಲ್ಲ ಸರ್ ಅಂದುಬಿಡುತ್ತಾರೆ. ನೀವು ಕೇಳಿ: ಈ ಕೆಲಸಕ್ಕೆ ಬಂದವರು ಮೊದಲ ಮೂರು ತಿಂಗಳಲ್ಲಿ ಸಾಮಾನ್ಯವಾಗಿ ಎಲ್ಲಿ ಎಡವುತ್ತಾರೆ?